ಎರಡು ತಿಂಗಳ ವರ್ದಿ, ಹತ್ತು ತಿಂಗಳ ಫರಸಿ

ಪ್ರಾದೇಶಿಕ ಸೇನೆ, ಅಂದರೆ ಟಿ.ಎ., ಸೇರಬೇಕು ಅನ್ನೋ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಸಂಬಳ ಎಷ್ಟು ಅಂತ. ನಾನು ತಿರುಗಿ ಕೇಳುವುದು ಒಂದೇ: ಈಗ ಹೊಟ್ಟೆಪಾಡಿಗೆ ಏನು ಮಾಡ್ತೀಯಪ್ಪಾ? ಹೊಲ ಇದೆಯಾ, ಅಂಗಡಿ ಇದೆಯಾ, ಕೈಯಲ್ಲೊಂದು ಕಸುಬು ಇದೆಯಾ? ಏನೂ ಇಲ್ಲ, ಮಿಲ್ಟ್ರಿ ನೌಕರಿ ಸಿಕ್ಕರೆ ಸಾಕು ಅಂದರೆ, ಟಿ.ಎ. ನಿನಗಲ್ಲ ಅಂತ ಕಡ್ಡಿ ಮುರಿದಂತೆ ಹೇಳಿಬಿಡುತ್ತೇನೆ. ಕೆಲವರು ಬೇಜಾರು ಮಾಡಿಕೊಂಡು ಫೋನ್ ಇಡುತ್ತಾರೆ. ಮಾಡಿಕೊಳ್ಳಲಿ. ಸುಮ್ನೆ ಆಸೆ ಹುಟ್ಟಿಸುವುದಕ್ಕಿಂತ ಅದು ವಾಸಿ.

ನಾನು ಕಲಬುರಗಿ ಜಿಲ್ಲೆ ಚಿತ್ತಾಪುರ ತಾಲೂಕಿನವನು. ಊರು ಕಾಗಿಣಾ ದಂಡೆಯಲ್ಲಿದೆ. ನಮ್ಮ ಕಡೆ ನೆಲ ಕೆದರಿದರೆ ಸುಣ್ಣದ ಕಲ್ಲು. ಒಂದಿಷ್ಟು ಸಿಮೆಂಟ್ ಕಾರ್ಖಾನೆಗೆ ಹೋಗುತ್ತದೆ, ಒಂದಿಷ್ಟು ಫರಸಿಯಾಗಿ ಜನರ ಮನೆ ನೆಲಕ್ಕೆ ಹೋಗುತ್ತದೆ. ಶಹಾಬಾದಿನ ಫರಸಿ ಅಂದರೆ ಮಹಾರಾಷ್ಟ್ರದವರಿಗೂ ಗೊತ್ತು. ಆ ಫರಸಿಗೆ ಪಾಲಿಶ್ ಹಿಡಿಯುವುದು ನನ್ನ ಕೆಲಸ. ಮನೆಗೆ ಎರಡೂವರೆ ಎಕರೆ ತೊಗರಿ ಹೊಲವೂ ಇದೆ. ವರ್ಷಕ್ಕೆ ಎರಡು ತಿಂಗಳು ಇದನ್ನೆಲ್ಲ ಬಿಟ್ಟು ವರ್ದಿ ಹಾಕುತ್ತೇನೆ. ಅದಕ್ಕಿಂತ ಜಾಸ್ತಿ ಕರೆದರೆ ಅಷ್ಟೂ ದಿನ ಹೋಗುತ್ತೇನೆ.

ಚಿಕ್ಕಂದಿನಿಂದ ಮಿಲ್ಟ್ರಿ ಹುಚ್ಚು ಇತ್ತು. ಆದರೆ ರೆಗ್ಯುಲರ್ ಸೈನ್ಯದ ಜನರಲ್ ಡ್ಯೂಟಿ ಭರ್ತಿಗೆ ಆಗ ವಯಸ್ಸಿನ ಮಿತಿ 21. ಅಪ್ಪ ತೀರಿಕೊಂಡಾಗ ನನಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ತಂಗಿ ಮದುವೆ, ಸೊಸೈಟಿ ಸಾಲ ಅಂತ ಓಡಾಡುವಷ್ಟರಲ್ಲಿ ವಯಸ್ಸು ದಾಟಿಹೋಯಿತು. ಆಸೆಯನ್ನು ಮಡಚಿ ಇಟ್ಟಿದ್ದೆ. ವಾಡಿ ಸ್ಟೇಷನ್ ಹೊರಗೆ ಒಂದು ಚಹಾದ ಅಂಗಡಿ ಇದೆ. ಅಲ್ಲಿ ಕೂತಿದ್ದ ನಿವೃತ್ತ ಹವಾಲ್ದಾರ್ ಕಾಕಾ ಒಬ್ಬರು ನನ್ನ ಗೋಳು ಕೇಳಿ, ಬಸಿಯಲ್ಲಿದ್ದ ಚಹಾ ಮುಗಿಸಿ, "ಹತ್ತನೇತ್ತ ಪಾಸ್ ಆಗಿದಿಯಿಲ್ಲೋ? ಮತ್ಯಾಕ ಅಳ್ತಿ? ಟಿ.ಎ.ಕ್ಕ ಹೋಗು. ಅಲ್ಲಿ ನಲ್ವತ್ತೆರಡರ ತನಕ ತಗೋತಾರ" ಅಂದರು.

ಟಿ.ಎ. ಅಂತ ಒಂದಿದೆ ಅಂತ ಗೊತ್ತಾಗಿದ್ದೇ ಅವತ್ತು. ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ. 1948ರಲ್ಲಿ ಅದಕ್ಕೆ ಕಾಯ್ದೆ ಆಯಿತು. 1949ರ ಅಕ್ಟೋಬರ್ 9ರಂದು ಆಗಿನ ಗವರ್ನರ್ ಜನರಲ್ ರಾಜಾಜಿ ಅದನ್ನು ಉದ್ಘಾಟಿಸಿದರು. ಅದಕ್ಕೇ ಪ್ರತಿ ವರ್ಷ ಆ ದಿನ ನಮ್ಮ ಹಬ್ಬ. ಲೆಕ್ಕ ಸರಳ: ಊರಲ್ಲಿ ತಮ್ಮ ತಮ್ಮ ಕೆಲಸ ಮಾಡಿಕೊಂಡಿರುವವರಿಗೆ ವರ್ಷಕ್ಕಿಷ್ಟು ದಿನ ಸೈನಿಕ ತರಬೇತಿ ಕೊಡುವುದು, ಬೇಕಾದಾಗ ಕರೆಸಿಕೊಳ್ಳುವುದು. ರೆಗ್ಯುಲರ್ ಸೈನಿಕರು ಕಾಯಬೇಕಾದ ಕಡೆ ಇವರನ್ನು ನಿಲ್ಲಿಸಿದರೆ ಅವರು ಗಡಿಗೆ ಹೋಗಬಹುದು. 1962, 1965, 1971ರ ಯುದ್ಧಗಳಲ್ಲೂ ಟಿ.ಎ.ಯವರು ಇದ್ದರು. ಶ್ರೀಲಂಕಾಕ್ಕೂ ಹೋಗಿದ್ದರು.

ಮನೆಯಲ್ಲಿ ವಿಷಯ ಹೇಳಿದಾಗ ಅವ್ವ ಏನೂ ಅನ್ನಲಿಲ್ಲ. ಗಾಬರಿಯಾದವನು ಮುತ್ಯಾ, ಅಂದರೆ ನಮ್ಮಜ್ಜ. "ಹೊಲಾ ಮನಿ ನೋಡ್ಕೋತ ಬಂದೂಕ ಹಿಡಿಯೋ ಮಂದಿ ಅಂದ್ರ... ರಜಾಕಾರರಂಗೇನೋ?" ಅಂದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅವನು ಹುಡುಗನಿದ್ದಾಗ ರಜಾಕಾರರು, ಅಂದರೆ ನಿಜಾಮನ ಪರದ ಖಾಸಗಿ ಪಡೆಯವರು, ಬಂದರು ಅಂತ ರಾತ್ರಿಯೆಲ್ಲ ಜೋಳದ ಹೊಲದಲ್ಲಿ ಅಡಗಿ ಕೂತವನು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಹೈದರಾಬಾದ್ ಸಂಸ್ಥಾನದೊಳಗೆ ಬಂತು, 17ಕ್ಕೆ ನಿಜಾಮ ಶರಣಾದ. ನಮ್ಮ ಭಾಗದ ಹಿರಿಯರಿಗೆ ಸೈನ್ಯ ಅಂದರೆ ಇವತ್ತಿಗೂ ಆ ಐದು ದಿನ. "ಮುತ್ಯಾ, ರಜಾಕಾರರನ್ನ ಓಡಿಸಿದ್ರಲಾ, ಆ ಮಿಲ್ಟ್ರಿ ಕಡಿಯವ್ರು ನಾವು" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಿದ್ರ ಹೋಗು. ಖರೇ, ರಾಶಿ ಟೈಮಿಗಿ ಬಂದುಬಿಡು" ಅಂದ.

ಭರ್ತಿಯ ಅಧಿಸೂಚನೆ ಬರುವುದಕ್ಕೆ ಕಾಯುತ್ತ ಕೂರಬಾರದು. ಬಂದ ಮೇಲೆ ಓಡಲು ಶುರು ಮಾಡಿದವನು ಗ್ರೌಂಡಿನಲ್ಲೇ ಕೂರುತ್ತಾನೆ. ನಾನು ಬೇಸಿಗೆಯಲ್ಲೇ ಶುರು ಮಾಡಿದೆ. ಕಲಬುರಗಿ ಬೇಸಿಗೆ ಅಂದರೆ ಗೊತ್ತಲ್ವಾ, ಬೆಳಿಗ್ಗೆ ಎಂಟಕ್ಕೇ ಬಿಸಿಲು ನೆತ್ತಿ ಸುಡುತ್ತದೆ. ಹಾಗಾಗಿ ನಾಲ್ಕೂವರೆಗೆ ಎದ್ದು ಚಿತ್ತಾಪುರ ರಸ್ತೆಯಲ್ಲಿ ಓಟ. ಸಿಮೆಂಟ್ ಟ್ಯಾಂಕರ್‌ಗಳು ಮೈಮೇಲೇ ಬರುತ್ತವೆ, ಎದೆ ಮೇಲೊಂದು ಟಾರ್ಚ್ ಕಟ್ಟಿಕೊಂಡು ಓಡುತ್ತಿದ್ದೆ. ಕಾಮಗಾರಿ ಇಲ್ಲದ ದಿನ ಕಲಬುರಗಿಗೆ ಹೋಗಿ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುವುದು. ಅಲ್ಲಿ ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರು ಇರುತ್ತಾರೆ, ಜೊತೆಗೆ ಓಡಲು ಜನ ಸಿಗುತ್ತಾರೆ. ಒಬ್ಬನೇ ಓಡಿದರೆ ವೇಗ ಬರುವುದಿಲ್ಲ.

ಆಗ ಭರ್ತಿಯಲ್ಲಿ 1.6 ಕಿಲೋಮೀಟರ್ ಓಟ. 5 ನಿಮಿಷ 30 ಸೆಕೆಂಡಿನೊಳಗೆ ಬಂದರೆ ಪೂರ್ತಿ 60 ಅಂಕ. ಬೀಮ್, ಅಂದರೆ ಕಂಬಿಗೆ ಜೋತುಬಿದ್ದು ಗದ್ದ ಮೇಲೆ ತರುವುದು, ಹತ್ತು ಮಾಡಿದರೆ 40. ಅದರ ಮೇಲೆ 9 ಅಡಿ ಕಾಲುವೆ ಹಾರಬೇಕು, ಜಿಗ್‌ಜಾಗ್ ಪಟ್ಟಿಯ ಮೇಲೆ ಬೀಳದೆ ನಡೆಯಬೇಕು. ಎತ್ತರ 160 ಸೆಂಟಿಮೀಟರ್ ಬೇಕು. ಎದೆ 77, ಉಸಿರು ಎಳೆದಾಗ ಇನ್ನೂ 5 ಹಿಗ್ಗಬೇಕು. ಈ 5 ಸೆಂಟಿಮೀಟರ್ ನನಗೆ ದಿಗಿಲು. ಪಾಲಿಶ್ ಮಷೀನ್ ಮುಂದೆ ವರ್ಷಗಟ್ಟಲೆ ದೂಳು ಕುಡಿದ ಎದೆ ಅದು. ಹವಾಲ್ದಾರ್ ಕಾಕಾ ಮುಖಕ್ಕೆ ಒದ್ದೆ ಬಟ್ಟೆ ಕಟ್ಟದೆ ಮಷೀನ್ ಮುಟ್ಟಬೇಡ ಅಂದರು. ದಿನಾ ಸಂಜೆ ಕಾಗಿಣಾದಲ್ಲಿ ಈಜು ಹಾಕಿಸಿದರು, ನೀರಿದ್ದಷ್ಟು ದಿನ. ಈಜು ಎದೆಗೆ ಬಹಳ ಒಳ್ಳೆಯದು. ಇದನ್ನು ನಾನು ಎಲ್ಲ ಹುಡುಗರಿಗೂ ಹೇಳುತ್ತೇನೆ.

ಓಟ ನಮ್ಮ ಕೈಯಲ್ಲಿದೆ. ಕಾಗದ ನಮ್ಮ ಕೈಯಲ್ಲಿಲ್ಲ. ನಿಜ ಹೇಳಬೇಕೆಂದರೆ ಕಾಗದದ ಓಟವೇ ದೊಡ್ಡದು. ಹತ್ತನೇ ತರಗತಿ ಅಂಕಪಟ್ಟಿ ಬೇಕು, ಒಟ್ಟು 45 ಪರ್ಸೆಂಟ್, ಪ್ರತಿ ವಿಷಯಕ್ಕೆ 33. ವಾಸಸ್ಥಳ ಮತ್ತು ಜಾತಿ ಪ್ರಮಾಣಪತ್ರ ನಾಡಕಚೇರಿಯಿಂದ. ನಡತೆ ಪತ್ರ ಶಾಲೆಯಿಂದ ಒಂದು, ಪಂಚಾಯಿತಿಯಿಂದ ಒಂದು, ಪೊಲೀಸರಿಂದ ಒಂದು. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ನೋಟರಿ ಮಾಡಿಸಿದ ಅಫಿಡವಿಟ್. ಪಾಸ್‌ಪೋರ್ಟ್ ಸೈಜಿನ 20 ಫೋಟೊ, ಅದೂ ಮೂರು ತಿಂಗಳೊಳಗೆ ತೆಗೆಸಿದ್ದು, ಗಡ್ಡ ಬೋಳಿಸಿ ಕಟಿಂಗ್ ಮಾಡಿಸಿಕೊಂಡು ತೆಗೆಸಿದ್ದು.

ನನ್ನ ಹೆಸರು ಅಂಕಪಟ್ಟಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಒಂದು ರೀತಿ. ನಮ್ಮ ಕಡೆ ಇದು ಮನೆಮನೆ ಕಥೆ. ಶಾಲೆಗೆ ಸೇರಿಸುವಾಗ ಗುರುಗಳು ಕಿವಿಗೆ ಬಿದ್ದಷ್ಟು ಬರೆದುಕೊಂಡಿರುತ್ತಾರೆ. ಒಂದರಲ್ಲಿ ಮನೆತನದ ಹೆಸರಿದೆ, ಇನ್ನೊಂದರಲ್ಲಿ ಅಪ್ಪನ ಹೆಸರಿದೆ, ಒಂದರಲ್ಲಿ 'ಪ್ಪ' ಇದೆ, ಇನ್ನೊಂದರಲ್ಲಿ ಇಲ್ಲ. ಸೈನ್ಯದವರಿಗೆ ಒಂದಕ್ಷರ ಆಚೀಚೆ ಆದರೂ ಆಗುವುದಿಲ್ಲ. ಅಂಕಪಟ್ಟಿ ತಿದ್ದಿಸುವುದಕ್ಕಿಂತ ಆಧಾರ್ ತಿದ್ದಿಸುವುದು ಸುಲಭ ಅಂತ ಕಂಪ್ಯೂಟರ್ ಸೆಂಟರಿನ ಹುಡುಗ ಹೇಳಿದ. ಹಾಗೇ ಮಾಡಿಸಿದೆ. ಆಧಾರ್ ಬದಲಾದ ಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಮಳೆಗಾಲ ಪೂರ್ತಿ ಇದರಲ್ಲೇ ಹೋಯಿತು. ಯಾರಿಗಾದರೂ ಸೇರುವ ಮನಸ್ಸಿದ್ದರೆ ಇವತ್ತೇ ನಾಲ್ಕೂ ಕಾಗದ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನ ತಾಳೆ ನೋಡಿ. ಓಟ ಆಮೇಲೆ.

ಭರ್ತಿ ರ‍್ಯಾಲಿ ಬೆಳಗಾವಿಯಲ್ಲಿ. ಕಲಬುರಗಿಯಿಂದ ರಾತ್ರಿ ಬಸ್ಸು. ಜೇವರ್ಗಿ, ಸಿಂದಗಿ, ವಿಜಯಪುರ ದಾಟಿ ಬೆಳಗಿನ ಜಾವ ಬೆಳಗಾವಿ. ಬಸ್ಸಿನ ಅರ್ಧ ಜನ ನಮ್ಮಂಥವರೇ. ತಲೆ ನುಣ್ಣಗೆ ಕತ್ತರಿಸಿಕೊಂಡವರು, ಕಾಲಿನ ಹತ್ತಿರ ಪ್ಲಾಸ್ಟಿಕ್ ಫೈಲು. ಆಳಂದದವನೊಬ್ಬ, ಹುಮನಾಬಾದಿನವನೊಬ್ಬ, ಸುರಪುರದ ಕಡೆಯವರು ನಾಲ್ಕೈದು ಜನ. ಸುರಪುರದ ಹುಡುಗರ ಗತ್ತೇ ಬೇರೆ. ಔರಂಗಜೇಬನ ಸೈನ್ಯಕ್ಕೆ ವಾಗಿನಗೇರಾ ಕೋಟೆಯಲ್ಲಿ ನೀರಿಳಿಸಿದವರ ಊರಿನವರು ನಾವು ಅಂತ ಸಿಂದಗಿ ಬರೋ ತನಕ ಹೇಳುತ್ತಲೇ ಇದ್ದರು. ಹೇಳಲಿ, ಸುಳ್ಳೇನಲ್ಲ. ಅದು 1705ರ ಮಾತು, ಆ ಬಾದಶಹನ ಕೊನೆಯ ದಂಡಯಾತ್ರೆ. 1858ರಲ್ಲಿ ಬ್ರಿಟಿಷರ ಎದುರು ನಿಂತ ರಾಜಾ ವೆಂಕಟಪ್ಪ ನಾಯಕನೂ ಅಲ್ಲಿಯವನೇ. ಬೀದರ್ ಕಡೆಯ ಒಬ್ಬ ಮಾತ್ರ "ನಮಗ 371(ಜೆ) ರಿಸರ್ವೇಶನ್ ಇರಲ್ವಾ?" ಅಂತ ಕೇಳಿ ಬಸ್ಸೆಲ್ಲ ನಗುವ ಹಾಗೆ ಮಾಡಿದ. ನಮ್ಮ ಭಾಗದವರಿಗೆ ರಾಜ್ಯದ ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ಕಲಂ ಅದು. ಸ್ಟಾಪ್‌ವಾಚಿಗೆ ಯಾವ ಕಲಂ ಗೊತ್ತಪ್ಪಾ?

ಬೆಳಗಾವಿಯ ಚಳಿ ನಮ್ಮಂಥವರಿಗೆ ದೊಡ್ಡ ಶತ್ರು. ಕತ್ತಲಲ್ಲೇ ಸಾಲು. ಸಾವಿರಾರು ಜನ. ಮಹಾರಾಷ್ಟ್ರ, ತೆಲಂಗಾಣದ ನಂಬರ್ ಪ್ಲೇಟಿನ ಗಾಡಿಗಳೂ ನಿಂತಿದ್ದವು. ಮೊದಲು ಎತ್ತರದ ಕಂಬ. ಅದರ ಕೆಳಗೆ ತಲೆ ತಾಗದವರು ಅಲ್ಲಿಂದಲೇ ವಾಪಸ್. ಒಬ್ಬ ಹುಡುಗ ಕೂದಲು ಎತ್ತಿ ಬಾಚಿಕೊಂಡು ಬಂದಿದ್ದ. ಹವಾಲ್ದಾರ್ ಅಂಗೈಯಿಂದ ಒತ್ತಿ ನೋಡಿ ನಕ್ಕು ಕಳಿಸಿದರು. ನಂತರ ಗುಂಪು ಗುಂಪಾಗಿ ಓಟ. ಹಗ್ಗ ಬಿಚ್ಚಿದ ಕೂಡಲೇ ಎಲ್ಲರೂ ಜೀವ ಬಿಟ್ಟು ಓಡಿದರು. ಮೊದಲ ಸುತ್ತಿನಲ್ಲಿ ಮುಂದಿದ್ದವರು ಮೂರನೇ ಸುತ್ತಿಗೆ ಹೊಟ್ಟೆ ಹಿಡಿದು ನಿಂತರು. "ಮೊದಲಿಗಿ ಮಂದಿ ಹೋಗ್ಲಿ ಬಿಡು, ಕೊನಿಗಿ ನೀ ಹೋಗು" ಅಂತ ಕಾಕಾ ಹೇಳಿದ್ದರು, ಹಾಗೇ ಓಡಿದೆ. ಗೆರೆ ದಾಟುವಾಗ ಟೈಮ್ ಮುಗಿಯಿತು ಅಂತ ಹಗ್ಗ ಅಡ್ಡ ಬಂತು, ಆದರೆ ನನ್ನ ಬೆನ್ನ ಹಿಂದೆ. ಹಿಂದಿದ್ದವನ ಎದೆಗೇ ತಾಗಿತು. ಅವನು ಅಲ್ಲೇ ಕೂತ. ಯಾವ ಊರಿನವನೋ, ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಬೀಮ್‌ಗೆ ಕಲ್ಲೆತ್ತಿದ ಕೈ ಸಹಾಯ ಮಾಡಿತು. ಕಾಲುವೆ, ಜಿಗ್‌ಜಾಗ್ ಆಯಿತು. ಎದೆ ಅಳೆದಾಗ 82 ದಾಟಿತು. ಕಾಗದ ನೋಡುವ ಮೇಜಿನಲ್ಲಿ ಹೆಸರಿನ ಗೊಂದಲಕ್ಕೆ ಎಷ್ಟು ಜನರನ್ನು ಪಕ್ಕಕ್ಕೆ ನಿಲ್ಲಿಸಿದರು ಅಂದರೆ, ಓಟದಲ್ಲಿ ಹೋದವರಿಗಿಂತ ಇವರನ್ನು ನೋಡಿಯೇ ಜಾಸ್ತಿ ಸಂಕಟವಾಯಿತು.

ಮೆಡಿಕಲ್‌ನಲ್ಲಿ ಕಣ್ಣು, ಕಿವಿ, ಹಲ್ಲು, ಮೊಣಕಾಲು, ಅಂಗಾಲು ಎಲ್ಲ ನೋಡುತ್ತಾರೆ. ಹೊಸಬರು ಹೆಚ್ಚಾಗಿ ಸಿಕ್ಕಿಬೀಳುವುದು ಕಿವಿಯಲ್ಲಿ. ಕಿವಿಯೊಳಗೆ ಗುಗ್ಗೆ ತುಂಬಿದ್ದರೆ ಡಾಕ್ಟರಿಗೆ ಪರದೆ ಕಾಣುವುದಿಲ್ಲ, ಮತ್ತೆ ಬಾ ಅನ್ನುತ್ತಾರೆ. ಕಲ್ಲಿನ ಕೆಲಸದವರ ಕಿವಿ ಕೇಳಬೇಕಾ? ನಾನು ಮೊದಲೇ ಡಾಕ್ಟರ ಹತ್ತಿರ ತೊಳೆಸಿಕೊಂಡು ಹೋಗಿದ್ದೆ. ಪಿಚಕಾರಿ ಹಾಕಿದಾಗ ಬಂದ ನೀರು ಸಿಮೆಂಟ್ ಬಣ್ಣದ್ದು! ಡಾಕ್ಟರೇ ಕರೆದು ನರ್ಸಿಗೆ ತೋರಿಸಿದರು. ಆಮೇಲೆ ಲಿಖಿತ ಪರೀಕ್ಷೆ. ಆಮೇಲೆ ಕಾಯುವುದು. ಆ ಕಾಯುವಿಕೆ ಬಗ್ಗೆ ಹೇಳುವಂಥದ್ದೇನಿಲ್ಲ. ತೊಗರಿ ರಾಶಿ ಆಯಿತು, ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದೆವು, ಭಜ್ಜಿ ಸಜ್ಜೆ ರೊಟ್ಟಿ ತಿಂದೆವು, ಅದಾದ ಎಷ್ಟೋ ದಿನಕ್ಕೆ ಕರೆ ಬಂತು.

ನಮ್ಮದು ಬೆಳಗಾವಿಯ 115ನೇ ಇನ್‌ಫೆಂಟ್ರಿ ಬೆಟಾಲಿಯನ್, ಮಹಾರ್ ರೆಜಿಮೆಂಟಿನ ಹೆಸರಿನದು. ಕರ್ನಾಟಕದಲ್ಲಿ ಟಿ.ಎ.ಯದ್ದು ಬೆಂಗಳೂರಿನಲ್ಲೂ ಒಂದಿದೆ, 106ನೇದು, ಪ್ಯಾರಾದವರದು, ಅಂದರೆ ಪ್ಯಾರಾಶೂಟ್ ರೆಜಿಮೆಂಟಿನದು. ಮಹಾರ್ ರೆಜಿಮೆಂಟಿನ ಮೊದಲ ಬೆಟಾಲಿಯನ್ ಹುಟ್ಟಿದ್ದೇ ಬೆಳಗಾವಿಯಲ್ಲಿ, 1941ರ ಅಕ್ಟೋಬರ್‌ನಲ್ಲಿ. ಮಹಾರರನ್ನು ಸೈನ್ಯಕ್ಕೆ ಮತ್ತೆ ಸೇರಿಸಿಕೊಳ್ಳಬೇಕು ಅಂತ ಬಾಬಾಸಾಹೇಬ್ ಅಂಬೇಡ್ಕರ್ ಬ್ರಿಟಿಷ್ ಸರ್ಕಾರದ ಬೆನ್ನು ಬಿದ್ದಿದ್ದರು. ಈಗ ಅದರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇದ್ದಾರೆ. ಕಲಬುರಗಿಯವನಿಗೆ ಈ ಇತಿಹಾಸ ತರಗತಿಯಲ್ಲಿ ಕೇಳುವಾಗ ರೋಮ ನಿಲ್ಲುತ್ತದೆ. ನಮ್ಮೂರಲ್ಲಿ ಒಂದೇ ಬಾವಿಯ ನೀರಿಗೆ ಎಷ್ಟು ಜಗಳ ಆಗಿತ್ತು ಅಂತ ಅವ್ವ ಹೇಳುತ್ತಿದ್ದಳು. ಇಲ್ಲಿ ಎಲ್ಲರಿಗೂ ಒಂದೇ ಲಂಗರ್, ಅಂದರೆ ಒಂದೇ ಅಡುಗೆಮನೆ, ಒಂದೇ ಸಾಲು, ಒಂದೇ ದಾಲ್. 1987ರ ನವೆಂಬರ್‌ನಲ್ಲಿ ಶ್ರೀಲಂಕಾದಲ್ಲಿ ಪ್ರಾಣ ಕೊಟ್ಟ ಪರಮವೀರ ಚಕ್ರದ ಮೇಜರ್ ರಾಮಸ್ವಾಮಿ ಪರಮೇಶ್ವರನ್ 8ನೇ ಮಹಾರ್‌ನವರು. ಅವರ ಹೆಸರು ಹೇಳುವಾಗ ನಮಗೆ ತರಬೇತಿ ಕೊಡುವ ಉಸ್ತಾದರ ದನಿಯೇ ಬದಲಾಗುತ್ತಿತ್ತು.

ಮೊದಲು ರಂಗರೂಟ್ ತರಬೇತಿ, ಅಂದರೆ ಹೊಸಬರದು. ಬೆಳಿಗ್ಗೆ ಪಿ.ಟಿ., ಆಮೇಲೆ ಡ್ರಿಲ್, ಹತಿಯಾರ್ ಕ್ಲಾಸ್, ಸಂಜೆ ಆಟ, ರಾತ್ರಿ ರೋಲ್ ಕಾಲ್. ಉಸ್ತಾದರಿಗೆ ನನಗಿಂತ ವಯಸ್ಸು ಕಡಿಮೆ, ಆದರೂ ಉಸ್ತಾದ್ ಉಸ್ತಾದೇ. ಡ್ರಿಲ್‌ನಲ್ಲಿ ನಾನು ಹಿಂದೆ. ಫೈರಿಂಗ್‌ನಲ್ಲಿ ಮಾತ್ರ ಕೈ ಕೂಡಿ ಬಂತು. ಇನ್ಸಾಸ್ ರೈಫಲ್ ಹಿಡಿದು ಮಲಗಿ, ಉಸಿರು ಅರ್ಧ ಬಿಟ್ಟು ತಡೆದು, ಟ್ರಿಗರ್ ಮೆಲ್ಲಗೆ ಒತ್ತಬೇಕು. ಫರಸಿ ಅಂಚು ಕೊರೆಯುವಾಗಲೂ ಹಾಗೇ ಉಸಿರು ಹಿಡಿಯುತ್ತೇವೆ, ಇಲ್ಲದಿದ್ದರೆ ಅಂಚು ಒಡೆಯುತ್ತದೆ. ಮೊದಲ ಗ್ರೂಪಿಂಗ್, ಅಂದರೆ ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಅನ್ನೋದು, ನೋಡಿ ಉಸ್ತಾದ್, "ಕ್ಯಾ ಕಾಮ್ ಕರ್ತಾ ಹೈ ತೂ?" ಅಂತ ಕೇಳಿದರು. ಪತ್ಥರ್ ಕಾ ಅಂದೆ. ಅವತ್ತಿನಿಂದ ಬ್ಯಾರಕ್‌ನಲ್ಲಿ ನನ್ನ ಹೆಸರು ಪತ್ಥರ್. ಕಂಪನಿ ಕಂಪನಿ ನಡುವಿನ ಫೈರಿಂಗ್ ಸ್ಪರ್ಧೆಯಲ್ಲಿ ನಮ್ಮ ತಂಡ ಗೆದ್ದಾಗ ಕೊಟ್ಟ ಕಪ್ಪಿನ ಫೋಟೊ ಈಗಲೂ ಅವ್ವನ ಫೋನಿನ ಮೇಲೆ ಇದೆ.

ಟಿ.ಎ.ಯ ಬ್ಯಾರಕ್‌ಗೆ ಅದರದೇ ಒಂದು ರುಚಿ ಇದೆ. ಇಲ್ಲಿ ಎಲ್ಲರಿಗೂ ಹೊರಗೆ ಇನ್ನೊಂದು ಬದುಕಿದೆ. ನನ್ನ ಎಡಕ್ಕೆ ಮಲಗುವವನು ಕೊಲ್ಹಾಪುರ ಕಡೆಯ ಕಬ್ಬಿನ ರೈತ, ಬಲಕ್ಕೆ ಗೋಕಾಕದ ಮೋಟಾರ್ ರಿವೈಂಡಿಂಗ್ ಅಂಗಡಿಯವನು. ಎದುರಿನ ಮಂಚದವರು ಖಾಸಗಿ ಶಾಲೆಯ ಗಣಿತದ ಮಾಸ್ತರು. ರೆಗ್ಯುಲರ್ ಸೈನ್ಯದಿಂದ ನಿವೃತ್ತರಾಗಿ ಮತ್ತೆ ಇಲ್ಲಿ ಸೇರಿದವರೂ ಇದ್ದಾರೆ. ಅವರೇ ನಮ್ಮ ಬೆನ್ನೆಲುಬು. ಲೈಟ್ ಆರಿದ ಮೇಲೆ ಬೇರೆ ಕಡೆ ಏನು ಮಾತಾಡುತ್ತಾರೋ, ನಮ್ಮಲ್ಲಿ ತೊಗರಿ ರೇಟು, ಕಬ್ಬಿನ ಬಾಕಿ, ಮೋಟಾರ್ ಸುಟ್ಟರೆ ಏನು ಮಾಡಬೇಕು ಅನ್ನೋದು. ಒಬ್ಬನ ಬೋರ್‌ವೆಲ್ ಸಮಸ್ಯೆಗೆ ಕತ್ತಲಲ್ಲಿ ಎಂಟು ಮಂಚದಿಂದ ಎಂಟು ಪರಿಹಾರ ಬರುತ್ತವೆ. ಮಾಸ್ತರು ಲೆಕ್ಕ ಹಾಕಿ ಯಾವುದು ಅಗ್ಗ ಅಂತ ತೀರ್ಪು ಕೊಡುತ್ತಾರೆ.

ಊಟದ ವಿಷಯ ಬರೆಯದಿದ್ದರೆ ನಮ್ಮವರು ಬಿಡುವುದಿಲ್ಲ. ಲಂಗರ್ ಊಟ ಹೊಟ್ಟೆ ತುಂಬ ಇರುತ್ತದೆ, ಆದರೆ ರೊಟ್ಟಿ ಗೋಧಿಯದು. ನಾನು ಟ್ರಂಕಿನಲ್ಲಿ ಒಣಗಿದ ಜೋಳದ ರೊಟ್ಟಿ ಕಟ್ಟು, ಶೇಂಗಾ ಹಿಂಡಿ ಒಯ್ಯುತ್ತೇನೆ. ಕೊಲ್ಹಾಪುರದವನು ಠೇಚಾ ತರುತ್ತಾನೆ. ಅದಕ್ಕೂ ಹಿಂಡಿಗೂ ಅದಲು ಬದಲು. ಮೊದಲ ವಾರದಲ್ಲೇ ಎರಡೂ ಖಾಲಿ. ಭಾನುವಾರ ಮಂದಿರ ಪರೇಡ್. ಬಡಾಖಾನಾ ದಿನ ಆಫೀಸರ್‌ಗಳು, ಸುಬೇದಾರ್ ಸಾಬ್, ನಾವು ಎಲ್ಲ ಒಂದೇ ಕಡೆ ಊಟ. ಬೆಟಾಲಿಯನ್ನಿನ ಮುಖ್ಯಸ್ಥರಾದ ಸಿಓ ಸಾಬ್ ತಾವೇ ಬಂದು ನನ್ನ ತಟ್ಟೆಗೆ ಬಡಿಸಿ, ಮನೆಯಲ್ಲಿ ಎಲ್ಲ ಆರಾಮಾ ಅಂತ ಕೇಳಿದರು. ಊರಲ್ಲಿ ನನ್ನ ಮಾಲೀಕರು ಹಾಗೆ ಕೇಳಿದ್ದು ನೆನಪಿಲ್ಲ.

ಮಾಲೀಕರ ಕಥೆ ಬಂತು, ಹೇಳಿಬಿಡುತ್ತೇನೆ. ಅವರ ಹೆಸರು ಬೇಡ. ಮೊದಲ ಕ್ಯಾಂಪ್ ಮುಗಿಸಿ ಬಂದಾಗ ನನ್ನ ಮಷೀನ್ ಮೇಲೆ ಬೇರೆಯವನಿದ್ದ. "ಎರಡೆರಡು ತಿಂಗಳ ಮಾಯ ಆಗೋನ್ನ ಇಟ್ಕೊಂಡು ನಾ ಏನ್ ಮಾಡ್ಲೋ?" ಅಂದರು. ಅವರ ಮಾತಿನಲ್ಲೂ ಅರ್ಥ ಇಲ್ಲದೆ ಇಲ್ಲ, ಆರ್ಡರ್ ಕಾಯುವುದಿಲ್ಲ. ಆದರೆ ಪ್ರಾದೇಶಿಕ ಸೇನೆ ಕಾಯ್ದೆಯ 7ಎ ಕಲಂ ಅಂತ ಒಂದಿದೆ. ತರಬೇತಿಗೋ ಸೇವೆಗೋ ಕರೆ ಬಂದು ಹೋದವನು ವಾಪಸ್ ಬಂದ ಮೇಲೆ ಮಾಲೀಕ ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕು, ಷರತ್ತು ಮೊದಲಿಗಿಂತ ಕೆಟ್ಟದಿರಬಾರದು ಅಂತ ಅದು ಹೇಳುತ್ತದೆ. ಕಲಂ ಪ್ರಿಂಟ್ ತೆಗೆಸಿ ಒಯ್ದೆ, ಆದರೆ ಜಗಳ ಆಡಲಿಲ್ಲ. ಪಾಲಿಶ್ ಕಲಿತ ನನ್ನ ಮಾವನ ಮಗನನ್ನು ಕರೆದೊಯ್ದು, ನಾನಿಲ್ಲದಾಗ ಇವನು ಬರ್ತಾನ್ರಿ ಅಂದೆ. ಮಾಲೀಕರು ಕಾಗದ ಓದಿದರು, ಹುಡುಗನ ಕೈ ನೋಡಿದರು, ಒಪ್ಪಿದರು. ಯಾವುದಕ್ಕೆ ಒಪ್ಪಿದರೋ ನನಗೆ ಗೊತ್ತಿಲ್ಲ. ಈಗ ಅದೇ ವ್ಯವಸ್ಥೆ ನಡೆದಿದೆ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ತರಬೇತಿಯಲ್ಲಿದ್ದಾಗ, ಡ್ಯೂಟಿಗೆ ಕರೆಸಿಕೊಂಡಾಗ ರೆಗ್ಯುಲರ್ ಸೈನಿಕನ ಹಾಗೇ ಸಂಬಳ, ಕ್ಯಾಂಟೀನ್ ಸೌಲಭ್ಯ. ಊರಲ್ಲಿದ್ದಾಗ ಸಂಬಳ ಇಲ್ಲ. ಡ್ಯೂಟಿಗೆ ಕರೆಸಿಕೊಳ್ಳುವುದನ್ನು ನಾವು ಎಂಬಾಡಿ ಅನ್ನುತ್ತೇವೆ. ಹಾಗೆ ಎಂಬಾಡಿ ಆದ ದಿನಗಳೆಲ್ಲ ಕೂಡಿ 15 ವರ್ಷ ಆದರೆ ಜವಾನರಿಗೆ ಪೆನ್ಶನ್. ಬರೀ ವರ್ಷಕ್ಕೆ ಎರಡು ತಿಂಗಳು ಹೋಗಿ ಬಂದರೆ ಅದು ಈ ಜನ್ಮಕ್ಕೆ ಆಗುವುದಿಲ್ಲ, ನೀವೇ ಲೆಕ್ಕ ಹಾಕಿ. ಈಗ ರೆಗ್ಯುಲರ್ ಸೈನ್ಯಕ್ಕೆ ಅಗ್ನಿವೀರ ಅಂತ ಸೇರಿದರೆ ನಾಲ್ಕು ವರ್ಷ, ಅದರಲ್ಲೂ 25 ಪರ್ಸೆಂಟ್ ಜನರಿಗೇ ಮುಂದುವರಿಕೆ. ಕೋವಿಡ್ ಕಾಲದಲ್ಲಿ ಭರ್ತಿ ನಿಂತು ಎಷ್ಟೋ ಹುಡುಗರ ವಯಸ್ಸು ಮೀರಿತು. ಅವರೆಲ್ಲ ಈಗ ಟಿ.ಎ. ಕಡೆ ಓಡಿ ಬರುತ್ತಿದ್ದಾರೆ. ಬರಲಿ. ಆದರೆ ಇದನ್ನು ಪೂರ್ತಿ ನೌಕರಿ ಅಂದುಕೊಂಡು ಕೈಯಲ್ಲಿದ್ದ ಕಸುಬು ಬಿಟ್ಟು ಬಂದವರು ಮೂರನೇ ವರ್ಷಕ್ಕೆ ಮಂಕಾಗಿದ್ದನ್ನು ನಾನು ನೋಡಿದ್ದೇನೆ. ಕಸುಬು ಇಟ್ಟುಕೊಂಡವರು ನಗುನಗುತ್ತ ಕ್ಯಾಂಪಿಗೆ ಬರುತ್ತಾರೆ.

ಎಂಬಾಡಿ ಆಗಿ ಉತ್ತರಕ್ಕೆ ಹೋದದ್ದನ್ನು, ಎಲ್ಲಿ ಏನು ಅಂತ, ಬರೆಯುವ ಹಾಗಿಲ್ಲ. ಚಳಿ ಇತ್ತು, ಬೆಟ್ಟ ಇತ್ತು, ರಾತ್ರಿ ಸಂತ್ರಿ ಡ್ಯೂಟಿ ಇತ್ತು. ಇಷ್ಟು ಹೇಳಬಹುದು: ಕಾಯುವ ಕೆಲಸ ಅಂದರೆ ಸುಮ್ನೆ ನಿಲ್ಲುವ ಕೆಲಸ ಅಂತ ಜನ ಅಂದುಕೊಳ್ಳುತ್ತಾರೆ. 2022ರ ಜೂನ್ 29 ಮತ್ತು 30ರ ನಡುವಿನ ರಾತ್ರಿ ಮಣಿಪುರದ ನೋನೆಯಲ್ಲಿ ಗುಡ್ಡ ಕುಸಿದು ಟಿ.ಎ. ಕ್ಯಾಂಪ್ ಮೇಲೇ ಬಿತ್ತು. ಅವರು ಅಲ್ಲಿ ಕಾಯುತ್ತಿದ್ದದ್ದು ಹೊಸ ರೈಲು ಮಾರ್ಗದ ಕೆಲಸವನ್ನು. ಗೂರ್ಖಾ ರೈಫಲ್ಸ್‌ನ 107ನೇ ಟಿ.ಎ. ಬೆಟಾಲಿಯನ್‌ನವರು, ಎಷ್ಟೋ ಜನ ಮಲಗಿದ್ದಲ್ಲೇ ಹೋದರು. ಅವತ್ತು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಗುಡ್ ಮಾರ್ನಿಂಗ್ ಹಾಕಲಿಲ್ಲ.

ಊರಿನವರಿಗೆ ಗೊತ್ತಿರುವ ಟಿ.ಎ. ಬೇರೆ. "ಧೋನಿ ಗುರ್ತದಾನೇನೋ?" ಅಂತ ಕೇಳುತ್ತಾರೆ. ಧೋನಿಗೆ 2011ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟರು, ಬೆಂಗಳೂರಿನ ಆ 106ನೇ ಪ್ಯಾರಾ ಬೆಟಾಲಿಯನ್‌ಗೆ. 2019ರಲ್ಲಿ ಕಾಶ್ಮೀರದಲ್ಲಿ ಡ್ಯೂಟಿಯನ್ನೂ ಮಾಡಿದರು. ಒಳ್ಳೆಯದೇ. ಆದರೆ ನಾನು ಊರಲ್ಲಿ ಹೇಳುವುದು ಲಾನ್ಸ್ ನಾಯಕ್ ನಜೀರ್ ಅಹ್ಮದ್ ವಾನಿ ಹೆಸರನ್ನು. ಕಾಶ್ಮೀರದವರು. ಮೊದಲು ದಾರಿ ತಪ್ಪಿದ್ದವರು, ಆಮೇಲೆ 2004ರಲ್ಲಿ ಟಿ.ಎ.ಯ 162ನೇ ಬೆಟಾಲಿಯನ್ ಸೇರಿದರು. 2018ರ ನವೆಂಬರ್‌ನಲ್ಲಿ ಶೋಪಿಯಾನ್ ಕಡೆ ಉಗ್ರರ ಜೊತೆ ಹೋರಾಡಿ ಸತ್ತರು. 2019ರ ಗಣರಾಜ್ಯೋತ್ಸವದಲ್ಲಿ ಅವರಿಗೆ ಅಶೋಕ ಚಕ್ರ, ಶಾಂತಿಕಾಲದ ಅತಿ ದೊಡ್ಡ ಶೌರ್ಯ ಪದಕ. ಅವರ ಹೆಂಡತಿ ಕರ್ತವ್ಯಪಥದಲ್ಲಿ, ಆಗಿನ ರಾಜಪಥದಲ್ಲಿ, ಅದನ್ನು ತಗೊಂಡರು. ಇಂಥವರನ್ನು ಊರ ಹುಡುಗರಿಗೆ ಹೇಳುವವರು ಕಡಿಮೆ.

ನನಗೆ ಇನ್ನೊಂದು ಆಸೆ ಇದೆ. ಟಿ.ಎ.ಯಲ್ಲಿ ಗಿಡ ನೆಡುವ ಬೆಟಾಲಿಯನ್‌ಗಳೂ ಇವೆ, ಇಕೋ ಅನ್ನುತ್ತಾರೆ. ಮೊದಲನೆಯದು 127ನೇ ಗಢವಾಲ್, 1982ರಲ್ಲಿ ಶುರುವಾಯಿತು. ಮಸ್ಸೂರಿ ಬೆಟ್ಟಗಳನ್ನು ಸುಣ್ಣದ ಕಲ್ಲಿಗಾಗಿ ಕೊರೆದು ಬೋಳು ಮಾಡಿದ್ದರು, ಈ ಸೈನಿಕರು ಅಲ್ಲಿ ಕಾಡು ಎಬ್ಬಿಸಿದರು. ಮರಾಠವಾಡಾದ ಒಣ ನೆಲಕ್ಕೂ ಮಹಾರ್ ರೆಜಿಮೆಂಟಿನದೇ 136ನೇ ಇಕೋ ಬೆಟಾಲಿಯನ್ ಇದೆ. ನಮ್ಮಲ್ಲೂ ಅದೇ ಸುಣ್ಣದ ಕಲ್ಲು, ಅದೇ ಬೋಳು. ಶಹಾಬಾದ್, ಚಿತ್ತಾಪುರ, ಸೇಡಂ ಸುತ್ತ ಬಿಟ್ಟುಹೋದ ಗಣಿ ಹೊಂಡಗಳಲ್ಲಿ ಮಳೆ ನೀರು ನಿಂತು, ದನ ಬೀಳುತ್ತವೆ, ಮಕ್ಕಳೂ ಬೀಳುತ್ತಾರೆ. ಇಕೋ ಬೆಟಾಲಿಯನ್‌ಗಳ ಖರ್ಚನ್ನು ರಾಜ್ಯ ಸರ್ಕಾರಗಳೋ ಕೇಂದ್ರದ ಇಲಾಖೆಗಳೋ ಕೊಡುತ್ತವೆ, ಕೆಲಸಕ್ಕೆ ನಿವೃತ್ತ ಸೈನಿಕರು ಬರುತ್ತಾರೆ. ಕಲ್ಯಾಣ ಕರ್ನಾಟಕಕ್ಕೆ ಅಂತ ಇಷ್ಟೆಲ್ಲ ದುಡ್ಡು ತೆಗೆದಿಡುವವರು ಒಂದು ಇಕೋ ಕಂಪನಿ ಕೇಳಿದರೆ ಏನು ತಪ್ಪು? ಹವಾಲ್ದಾರ್ ಕಾಕಾ ಮುಂದೆ ಹೇಳಿದೆ. "ಕರೀಲಿ, ನಾಳಿಗೇ ಸಲಕಿ ಹಿಡೀತೀನಿ" ಅಂದರು.

ಸದ್ಯಕ್ಕೆ ನಮ್ಮೂರಿನಿಂದ ಹೊಸದಾಗಿ ತಯಾರಾಗುತ್ತಿರುವುದು ಪಕ್ಕದ ಮನೆಯ ಟಂಟಂ ಓಡಿಸುವ ಅಣ್ಣ. ವಯಸ್ಸು ಮೂವತ್ತೊಂಬತ್ತು. ಬೆಳಿಗ್ಗೆ ನನ್ನ ಹಿಂದೆ ಓಡುತ್ತಾನೆ, ಉಬ್ಬಸ ಬಿಡುತ್ತ, ಆದರೆ ನಿಲ್ಲುವುದಿಲ್ಲ. ಬೀಮ್ ಆರಕ್ಕೆ ಬಂದಿದೆ. ಕಾಗದಗಳೆಲ್ಲ ತಾಳೆಯಾಗಿವೆ, ಕಿವಿ ತೊಳೆಸಿಯಾಗಿದೆ. ಅವನಿಲ್ಲದಾಗ ಟಂಟಂ ಓಡಿಸಲು ಅಳಿಯ ಒಪ್ಪಿದ್ದಾನೆ. ಫೋಟೊ ಒಂದೇ ಬಾಕಿ. ಗಡ್ಡ ಬೋಳಿಸಬೇಕು ಅಂದರೆ, "ಅಧಿಸೂಚನೆ ಬರ್ಲಿ ತಡಿಯೋ, ಬಂದಮ್ಯಾಲ ನೋಡಮಿ" ಅಂತ ಗದ್ದ ಮುಚ್ಚಿಕೊಳ್ಳುತ್ತಾನೆ.